ಉಳಿದ ಸಮಯ ಯಾರ ಪಾಲು?

ನಿನ್ನೆ ಬೆಳಗಿನ ಜಾವ ನಾಲ್ಕರಿಂದ ಇವತ್ತು ನಾಲ್ಕರವರೆಗೆ ಏನೇನು ಮಾಡಿದಿರಿ ಎಂದು ಕೇಂದ್ರ ಸರ್ಕಾರದ ಅಂಕಿಅಂಶ ಇಲಾಖೆಯವರು ದೇಶದ ಮನೆಮನೆಗೆ ಹೋಗಿ ಎರಡು ಸಲ ಕೇಳಿದ್ದಾರೆ, 2019ರಲ್ಲೊಮ್ಮೆ, 2024ರಲ್ಲೊಮ್ಮೆ. ಅರ್ಧರ್ಧ ಗಂಟೆಯ ಲೆಕ್ಕ ಬರೆದುಕೊಳ್ಳುವ ಈ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಮನೆಗೆಲಸ ಮಾಡುವ ಹೆಂಗಸರು 2019ರಲ್ಲಿ ಸಂಬಳವಿಲ್ಲದ ಆ ಕೆಲಸಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು. 2024ರಲ್ಲಿ ಅದು 289 ನಿಮಿಷ. ಹತ್ತು ನಿಮಿಷ ಉಳಿಯಿತು. ಮನೆಗೆಲಸಕ್ಕೆ ಕೈಹಾಕುವ ಗಂಡಸರ ಲೆಕ್ಕ 97 ನಿಮಿಷದಿಂದ 88ಕ್ಕೆ ಇಳಿಯಿತು. ಅವರೂ ಒಂಬತ್ತು ನಿಮಿಷ ಉಳಿಸಿಕೊಂಡರು.

ಈ ಐದು ವರ್ಷದಲ್ಲಿ ಮನೆಗಳೊಳಗೆ ಬಂದ ಸಾಮಾನನ್ನು ನೆನೆಸಿಕೊಂಡರೆ ಹತ್ತು ನಿಮಿಷ ತೀರಾ ಸಣ್ಣ ಲಾಭ. ರಾಜ್ಯ ಸರ್ಕಾರದ ಗೃಹಲಕ್ಷ್ಮಿ ಯೋಜನೆಯ ಎರಡು ಸಾವಿರ ರೂಪಾಯಿಯನ್ನು ಕೂಡಿಟ್ಟು ಫ್ರಿಜ್ ಕೊಂಡವರ, ಹೊಲಿಗೆ ಯಂತ್ರ ಕೊಂಡವರ ಸುದ್ದಿಯನ್ನು ನಾವೇ ಪತ್ರಿಕೆಗಳಲ್ಲಿ ಓದಿದ್ದೇವೆ. ವಾಷಿಂಗ್ ಮಷೀನ್ ತಾಲ್ಲೂಕು ಕೇಂದ್ರದ ಅಂಗಡಿಗಳಲ್ಲಿ ಕಂತಿನ ಮೇಲೆ ಸಿಗುತ್ತದೆ. ಸಾಮಾನು ತರಿಸಲು ಫೋನಿದೆ, ಬಿಲ್ಲು ಕಟ್ಟಲು ಫೋನಿದೆ. ಇಷ್ಟೆಲ್ಲ ಬಂದ ಮೇಲೂ ಉಳಿದ ಹೊತ್ತು ಎಲ್ಲಿ ಹೋಯಿತು?

ನಮ್ಮಲ್ಲಿ ತಂತ್ರಜ್ಞಾನ ಮತ್ತು ನೆಮ್ಮದಿಯ ಚರ್ಚೆ ಮೊಬೈಲಿನಿಂದ ಶುರುವಾಗಿ ಮೊಬೈಲಿನಲ್ಲೇ ಮುಗಿಯುತ್ತದೆ. ಮಕ್ಕಳು ಕೆಟ್ಟರು, ಕಣ್ಣು ಹಾಳಾಯಿತು, ಸಂಬಂಧ ಸತ್ತಿತು ಎಂಬ ಮೂರು ಮಾತು ಹೇಳಿ ಭಾಷಣ ಮುಗಿಸಿದ ಅತಿಥಿಗಳು ವೇದಿಕೆಯಿಂದ ಇಳಿಯುವಾಗಲೇ ಸೆಲ್ಫಿಗೆ ನಿಲ್ಲುತ್ತಾರೆ. ಅಡುಗೆಮನೆಯಿಂದ ಶುರು ಮಾಡುವುದು ಮೇಲು. ಅಲ್ಲಿನ ಯಂತ್ರಗಳಿಗೆ ಅರವತ್ತು ವರ್ಷದ ಚರಿತ್ರೆಯಿದೆ, ಅವುಗಳಿಂದ ಆದದ್ದೇನು ಎಂದು ನೋಡಲು ಬೇಕಾದಷ್ಟು ಕಾಲ ಸಂದಿದೆ.

ಒರಳಿನಲ್ಲಿ ರುಬ್ಬಿದ ಚಟ್ನಿಯ ರುಚಿಯೇ ಬೇರೆ ಎನ್ನುವವರಲ್ಲಿ ರುಬ್ಬಿದವರು ಕಡಿಮೆ, ತಿಂದವರೇ ಹೆಚ್ಚು. ಬೀಸುವ ಪದಗಳನ್ನು ನಮ್ಮ ಜಾನಪದ ವಿದ್ವಾಂಸರು ಊರೂರು ತಿರುಗಿ ಸಂಗ್ರಹಿಸಿದರು. ಅದು ದೊಡ್ಡ ಕೆಲಸ, ಸಂಶಯವಿಲ್ಲ. ಆದರೆ ಆ ಪದಗಳು ಹುಟ್ಟಿದ್ದು ಕೋಳಿ ಕೂಗುವ ಮೊದಲೇ ಎದ್ದು, ಅಂದಿನ ರೊಟ್ಟಿಗೆ ಅಂದೇ ಜೋಳ ಬೀಸಬೇಕಾಗಿದ್ದ ಸೊಸೆಯಂದಿರ ಬಾಯಲ್ಲಿ. ಊರಿಗೆ ಹಿಟ್ಟಿನ ಗಿರಣಿ ಬಂದಾಗ ಬೀಸುವ ಕಲ್ಲನ್ನು ಮೂಲೆಗೆ ತಳ್ಳಲು ಅವರು ಯಾರ ಅಪ್ಪಣೆಗೂ ಕಾಯಲಿಲ್ಲ.

ಗಿರಣಿಯ ಹಿಂದೆ ಕುಕ್ಕರ್ ಬಂತು, ಮಿಕ್ಸಿ ಬಂತು. ವಿದೇಶದಿಂದ ತಂದ ಮಿಕ್ಸರುಗಳು ಹಾಲು ಹಣ್ಣು ಕಲಸಲು ಮಾಡಿದವು, ನಮ್ಮ ಒಣಮೆಣಸಿನಕಾಯಿ, ಉದ್ದಿನಬೇಳೆಯ ಮುಂದೆ ಅವುಗಳ ಮೋಟಾರು ಸುಟ್ಟುಹೋಗುತ್ತಿತ್ತು. 1960ರ ದಶಕದಲ್ಲಿ ಎಂಜಿನಿಯರ್ ಸತ್ಯಪ್ರಕಾಶ ಮಾಥುರ್ ನಮ್ಮ ಮಸಾಲೆ ತಡೆಯುವಂಥ ಮೋಟಾರು ಹಾಕಿ ಸುಮೀತ್ ಮಿಕ್ಸಿ ತಂದದ್ದು ಈ ಕಾರಣಕ್ಕೆ. ಕೊಯಮತ್ತೂರಿನವರು ಒರಳುಕಲ್ಲನ್ನೇ ವಿದ್ಯುತ್ತಿಗೆ ಕಟ್ಟಿ ಗ್ರೈಂಡರ್ ಮಾಡಿದರು. ಇವತ್ತು ಆ ಊರಿನ ಗ್ರೈಂಡರಿಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆಯೂ ಇದೆ. ಸೊಂಟ, ಭುಜ, ಅಂಗೈಯ ಬೊಕ್ಕೆಗಳ ಲೆಕ್ಕದಲ್ಲಿ ನೋಡಿದರೆ ಇವಕ್ಕಿಂತ ದೊಡ್ಡ ಉಪಕಾರ ಮಾಡಿದ ಯಂತ್ರ ನಮ್ಮ ಮನೆಗಳಿಗೆ ಬಂದಿಲ್ಲ ಎನ್ನಬಹುದು.

ಆದರೆ ಶ್ರಮ ಉಳಿದಷ್ಟು ಹೊತ್ತು ಉಳಿಯಲಿಲ್ಲ. ಹಿಂದೆ ಹಳೇ ಮೈಸೂರಿನ ಎಷ್ಟೋ ಮನೆಗಳಲ್ಲಿ ದೋಸೆ ಇಡ್ಲಿ ಎಂದರೆ ಹಬ್ಬಕ್ಕೆ, ನೆಂಟರಿಗೆ. ಮಿಕ್ಕ ದಿನ ರಾತ್ರಿಯ ಮುದ್ದೆಯೋ ತಂಗಳನ್ನವೋ ಬೆಳಗಿಗೂ ಆಗುತ್ತಿತ್ತು. ಗ್ರೈಂಡರ್ ಬಂದಮೇಲೆ ಹಿಟ್ಟು ವಾರಕ್ಕೆರಡು ಸಲವಾಯಿತು. ಫ್ರಿಜ್ ಬಂದಮೇಲೆ ಹಿಟ್ಟು ಸದಾ ಇರುತ್ತದೆ, ಇರುವುದರಿಂದ ಕೇಳುವವರೂ ಇರುತ್ತಾರೆ. ಮಗನಿಗೆ ಮಸಾಲೆ ದೋಸೆ, ಮಾವನಿಗೆ ಸಕ್ಕರೆ ಕಾಯಿಲೆಯೆಂದು ರಾಗಿ ದೋಸೆ, ಗಂಡನ ಡಬ್ಬಿಗೆ ಚಿತ್ರಾನ್ನ. ಏಳೂವರೆಯೊಳಗೆ ಮೂರು ಬಗೆ ತಿಂಡಿ. ಬಟ್ಟೆಯ ಕತೆಯೂ ಹೀಗೆಯೇ. ಹಳ್ಳದಲ್ಲೋ ಬಚ್ಚಲ ಕಲ್ಲಿನ ಮೇಲೋ ಒಗೆಯುತ್ತಿದ್ದಾಗ ಒಂದು ಅಂಗಿ ಎರಡು ದಿನ ಬರುತ್ತಿತ್ತು. ಮಷೀನ್ ಇದೆಯಲ್ಲ ಎಂದು ಈಗ ಸಂಜೆ ಅರ್ಧ ಗಂಟೆ ತೊಟ್ಟ ಟೀಶರ್ಟೂ ಬುಟ್ಟಿಗೆ ಬೀಳುತ್ತದೆ. ಮಷೀನು ಒಗೆಯುತ್ತದೆ. ಒಣಹಾಕುವುದು, ತೆಗೆಯುವುದು, ಮಡಿಸುವುದು, ಯಾರ್ಯಾರದು ಯಾವ ಕಪಾಟಿಗೆ ಎಂದು ಇಡುವುದು ಮಷೀನಿನ ಕೆಲಸವಲ್ಲ.

ಇದು ನಮಗಷ್ಟೇ ಆದದ್ದಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞೆ ಜೋನ್ ವ್ಯಾನೆಕ್ 1974ರಲ್ಲಿ ಒಂದು ಲೆಕ್ಕ ಹಾಕಿದರು. ಹೊರಗೆ ದುಡಿಯದ ಅಲ್ಲಿನ ಗೃಹಿಣಿಯರು 1920ರ ದಶಕದಲ್ಲಿ ಮನೆಗೆಲಸಕ್ಕೆ ಎಷ್ಟು ಹೊತ್ತು ಕೊಡುತ್ತಿದ್ದರೋ 1960ರ ದಶಕದಲ್ಲೂ ಹೆಚ್ಚುಕಡಿಮೆ ಅಷ್ಟೇ ಕೊಡುತ್ತಿದ್ದರು. ನಡುವೆ ಅವರ ಮನೆಗಳಿಗೆ ನಲ್ಲಿ, ಕರೆಂಟು, ಫ್ರಿಜ್, ವಾಷಿಂಗ್ ಮಷೀನ್ ಎಲ್ಲ ಬಂದಿದ್ದವು. ಇತಿಹಾಸಕಾರ್ತಿ ರೂತ್ ಶ್ವಾರ್ಟ್ಸ್ ಕೋವನ್ 1983ರಲ್ಲಿ ಇದೇ ವಿಷಯದ ಮೇಲೆ ಒಂದು ಪುಸ್ತಕ ಬರೆದರು. ಅವರು ತೋರಿಸಿದ್ದು ಇಷ್ಟು: ಯಂತ್ರಗಳು ಮೊದಲು ತಪ್ಪಿಸಿದ್ದು ಗಂಡಸರ, ಮಕ್ಕಳ, ಆಳುಗಳ ಕೆಲಸವನ್ನು. ಸೌದೆ ಒಡೆಯುವುದು, ಕಾಳು ಕುಟ್ಟುವುದು, ನೀರು ಹೊರುವುದು ನಿಂತವು. ಉಳಿದದ್ದು ಒಬ್ಬಳ ತಲೆಗೆ ಬಂತು, ಜೊತೆಗೆ ಶುಚಿ ರುಚಿಗಳ ನಿರೀಕ್ಷೆಯೂ ಏರಿತು. ಯಂತ್ರದ ಪಕ್ಕದಲ್ಲಿ ಯಾರು ನಿಲ್ಲಬೇಕು ಎಂಬುದನ್ನು ಯಂತ್ರ ತೀರ್ಮಾನಿಸುವುದಿಲ್ಲ. ನನ್ನ ಮಟ್ಟಿಗೆ ಈ ಇಡೀ ಚರ್ಚೆಯ ಬೀಗದಕೈ ಇದು.

ಒಂದು ಸಾಧನದ ವಿಷಯದಲ್ಲಿ ಮಾತ್ರ ಇಂಥ ಅನುಮಾನಕ್ಕೆ ಎಡೆಯಿಲ್ಲ. ಗ್ಯಾಸ್ ಒಲೆ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಾದ್ಯಂತ 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಊದುಗೊಳವೆ ಹಿಡಿದು ಒಲೆ ಮುಂದೆ ಕೂತವಳ ಕಣ್ಣು, ಶ್ವಾಸಕೋಶ ಆ ಲೆಕ್ಕದಲ್ಲಿವೆ. ಇದನ್ನು ನಮ್ಮ ರಾಜ್ಯದಲ್ಲಿ ಬಹಳ ಮೊದಲೇ ಮನಗಂಡವರಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ‘ಅಸ್ತ್ರ’ ಎಂಬ ಕೇಂದ್ರ ಕಟ್ಟಿದರು. ಅವರ ತಂಡ ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಸೌದೆಗೆ ಯಾರು ಎಷ್ಟು ನಡೆಯುತ್ತಾರೆ, ನೀರಿಗೆ ಯಾರು ಎಷ್ಟು ಹೊರುತ್ತಾರೆ ಎಂದು ಲೆಕ್ಕ ಹಾಕಿತು. ಕಡಿಮೆ ಸೌದೆ ತಿನ್ನುವ, ಹೊಗೆಯನ್ನು ಕೊಳವೆಯಲ್ಲಿ ಹೊರಗೆ ಕಳಿಸುವ ಅಸ್ತ್ರ ಒಲೆ ಅಲ್ಲಿಂದ ಬಂತು, 1980ರ ದಶಕದಲ್ಲಿ ರಾಜ್ಯದ ಹಳ್ಳಿಗಳಿಗೆ ಹಬ್ಬಿತು. ಈ ಜೇಡಿಮಣ್ಣಿನ ಒಲೆಗಿಂತ ಹೆಚ್ಚು ಜನರ ಆಯುಷ್ಯ ಉಳಿಸಬಲ್ಲ ಗ್ಯಾಜೆಟ್ ಇವತ್ತಿಗೂ ಅಂಗಡಿಗಳಲ್ಲಿ ಕಡಿಮೆ.

2016ರ ಮೇ ತಿಂಗಳಲ್ಲಿ ಶುರುವಾದ ಉಜ್ವಲ ಯೋಜನೆ ಹತ್ತು ಕೋಟಿಗೂ ಹೆಚ್ಚು ಮನೆಗಳಿಗೆ ಗ್ಯಾಸ್ ಸಂಪರ್ಕ ಕೊಟ್ಟಿದೆ. ಆದರೆ ಆ ಮನೆಗಳು ವರ್ಷಕ್ಕೆ ತುಂಬಿಸಿಕೊಳ್ಳುವ ಸಿಲಿಂಡರ್ ಸರಾಸರಿ ನಾಲ್ಕರ ಆಸುಪಾಸು. ನಾಲ್ಕೈದು ಜನರ ಸಂಸಾರ ಪೂರ್ತಿ ಗ್ಯಾಸಿನಲ್ಲೇ ಬೇಯಿಸಿದರೆ ಇದು ಸಾಲುವುದಿಲ್ಲ. ಅಂದರೆ ಟೀ, ಉಪ್ಪಿಟ್ಟು ಗ್ಯಾಸಿನ ಮೇಲೆ, ಮುದ್ದೆ, ಅನ್ನ, ಸ್ನಾನದ ನೀರು ಹಿತ್ತಲ ಸೌದೆಯ ಮೇಲೆ. ಸಾಧನ ಮನೆಗೆ ಬಂದಿದೆ, ಬಳಸುವ ಶಕ್ತಿ ಬಂದಿಲ್ಲ.

ಇನ್ನು ಫೋನು. 1995ರ ಜುಲೈ 31ರಂದು ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಕೋಲ್ಕತ್ತಾದಿಂದ ದೆಹಲಿಯ ಕೇಂದ್ರ ಸಚಿವ ಸುಖ್‌ರಾಮ್ ಅವರಿಗೆ ಮಾಡಿದ ಕರೆ ದೇಶದ ಮೊದಲ ಮೊಬೈಲ್ ಕರೆ. ಆಗ ಬಂದ ಕರೆಗೂ ದುಡ್ಡು. ಹಾಗಾಗಿ ನಾವು ಮಿಸ್ಡ್ ಕಾಲ್ ಎಂಬ ವಿದ್ಯೆ ಕಲಿತೆವು. ಒಂದು ರಿಂಗು ಅಂದರೆ ಬಸ್ಸು ಹತ್ತಿದೆ, ಎರಡು ಅಂದರೆ ಇಳಿದೆ. 2014ರಲ್ಲಿ ಒಂದು ಜಿಬಿ ಡೇಟಾಕ್ಕೆ 270 ರೂಪಾಯಿಯ ಹತ್ತಿರವಿತ್ತು. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂತು, ಬೆಲೆ ನೆಲ ಕಚ್ಚಿತು, ಕೆಲವು ವರ್ಷದಲ್ಲಿ ಜಿಬಿಗೆ ಹತ್ತು ರೂಪಾಯಿಯ ಆಸುಪಾಸಿಗೆ ಇಳಿಯಿತು. ನಮ್ಮ ಮೊಬೈಲ್ ಚಟದ ಬಗ್ಗೆ ಬರೆಯುವವರು ಮನಸ್ಸಿನ ದೌರ್ಬಲ್ಯದ ಮಾತಾಡುತ್ತಾರೆ, ಈ ಬೆಲೆಪಟ್ಟಿಯ ಮಾತಾಡುವುದಿಲ್ಲ. ದುಬಾರಿಯಾಗಿದ್ದಾಗ ನಾವೆಲ್ಲ ಭಾರಿ ಸಂಯಮಿಗಳಾಗಿದ್ದೆವು.

ಅಗ್ಗದ ಡೇಟಾ ಕೊಟ್ಟದ್ದನ್ನು ಮೊದಲು ಹೇಳಬೇಕು. ಯಾದಗಿರಿ, ರಾಯಚೂರಿನಿಂದ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಬರುವ ಸಂಸಾರಗಳು ಶಾಲೆಗೆ ಹೋಗುವ ಮಕ್ಕಳನ್ನು ಊರಲ್ಲಿ ಅಜ್ಜಿಯ ಬಳಿ ಬಿಟ್ಟು ಬರುತ್ತವೆ. ರಾತ್ರಿ ತಗಡಿನ ಶೆಡ್ಡಿನಲ್ಲಿ ತಾಯಿ ಫೋನನ್ನು ಎಣ್ಣೆ ಡಬ್ಬಿಗೆ ಒರಗಿಸಿಟ್ಟು ರೊಟ್ಟಿ ಬಡಿಯುತ್ತಿರುತ್ತಾಳೆ, ಆ ಕಡೆ ಮಗಳು ಊಟ ಮಾಡುತ್ತಿರುತ್ತಾಳೆ. ಮಾತು ಹೆಚ್ಚಿರುವುದಿಲ್ಲ. ‘ಇನ್ನೊಂದ್ ರೊಟ್ಟಿ ಹಚ್ಕೋ ಅವ್ವಿ’ ಎಂಬಷ್ಟು. ಇದನ್ನು ಸ್ಕ್ರೀನ್ ಟೈಮ್ ಎಂದು ಬರೆದುಕೊಂಡು, ರಮ್ಮಿ ಆಡುತ್ತ ಕಳೆದ ಒಂದು ಗಂಟೆಯ ಪಕ್ಕಕ್ಕೆ ಇಟ್ಟು ಕೂಡಿಸಿದರೆ ಆ ಮೊತ್ತಕ್ಕೆ ಏನು ಅರ್ಥ? ಕಿವಿ ಕೇಳದವರಿಗೆ ದೂರದ ಗೆಳೆಯರೊಡನೆ ಸನ್ನೆಯಲ್ಲಿ ಮಾತಾಡಲು ಸಾಧ್ಯವಾದದ್ದೂ ವಿಡಿಯೊ ಕರೆಯಿಂದಲೇ.

ಗಂಟೆ ಎಣಿಸುವುದರಿಂದ ಹೆಚ್ಚೇನೂ ತಿಳಿಯುವುದಿಲ್ಲ ಎಂಬುದನ್ನು ಸಂಶೋಧನೆಯೂ ಹೇಳುತ್ತಿದೆ. ಏಮಿ ಆರ್ಬೆನ್ ಮತ್ತು ಆಂಡ್ರ್ಯೂ ಶಿಬಿಲ್ಸ್‌ಕಿ 2019ರಲ್ಲಿ ಬ್ರಿಟನ್, ಅಮೆರಿಕಗಳ ಮೂರೂವರೆ ಲಕ್ಷಕ್ಕೂ ಹೆಚ್ಚು ಹದಿಹರೆಯದವರ ಮಾಹಿತಿ ಜಾಲಾಡಿದರು. ಮಕ್ಕಳ ನೆಮ್ಮದಿಯಲ್ಲಿ ಕಾಣುವ ಏರುಪೇರಿನಲ್ಲಿ ಡಿಜಿಟಲ್ ಬಳಕೆಯಿಂದ ವಿವರಿಸಬಹುದಾದದ್ದು ಹೆಚ್ಚೆಂದರೆ ಶೇ 0.4. ಆಲೂಗೆಡ್ಡೆ ತಿನ್ನುವುದಕ್ಕೂ ನೆಮ್ಮದಿಗೂ ಅದೇ ಮಾಹಿತಿಯಲ್ಲಿ ಹೆಚ್ಚುಕಡಿಮೆ ಇಷ್ಟೇ ನಂಟು ಕಂಡಿತು. ಇದಕ್ಕೆ ಎದುರಾಗಿ ಜೊನಾಥನ್ ಹೈಟ್ 2024ರ ತಮ್ಮ ಪುಸ್ತಕದಲ್ಲಿ, ಸ್ಮಾರ್ಟ್‌ಫೋನ್ ಬಂದ ಮೇಲೆಯೇ ಒಂದು ಪೀಳಿಗೆಯ ಮಕ್ಕಳ ಮನಸ್ಸು ಕೆಟ್ಟಿತು ಎಂದು ವಾದಿಸಿದರು. ಪುಸ್ತಕ ಜೋರಾಗಿ ಮಾರಾಟವಾಯಿತು. ಎರಡು ಸಂಗತಿ ಒಟ್ಟಿಗೆ ಆದವೆಂದರೆ ಒಂದರಿಂದ ಇನ್ನೊಂದಾಯಿತು ಎಂದಾಗುವುದಿಲ್ಲ ಎಂದು ಕ್ಯಾಂಡಿಸ್ ಆಡ್ಜರ್ಸ್‌ರಂಥ ಮನಶ್ಶಾಸ್ತ್ರಜ್ಞರು ತಕರಾರು ತೆಗೆದರು.

ನನಗೆ ಹೆಚ್ಚು ನಂಬಿಕೆ ಹುಟ್ಟಿಸುವುದು ಜನರನ್ನು ನಿಜವಾಗಿಯೂ ಬಿಡಿಸಿ ನೋಡಿದ ಪ್ರಯೋಗ. ಹಂಟ್ ಆಲ್ಕಾಟ್ ಮತ್ತು ಸಂಗಡಿಗರು 2018ರಲ್ಲಿ ಅಮೆರಿಕದ ಫೇಸ್‌ಬುಕ್ ಬಳಕೆದಾರರಿಗೆ ದುಡ್ಡು ಕೊಟ್ಟು ನಾಲ್ಕು ವಾರ ಖಾತೆ ನಿಲ್ಲಿಸಿದರು. ದಿನಕ್ಕೆ ಸುಮಾರು ಒಂದು ಗಂಟೆ ಉಳಿಯಿತು. ಅದರಲ್ಲಿ ಒಂದಿಷ್ಟು ಮನೆಯವರ, ಗೆಳೆಯರ ಜೊತೆ ಕಳೆಯಿತು, ಒಂದಿಷ್ಟು ಟಿವಿಗೆ ಹೋಯಿತು. ನೆಮ್ಮದಿ ಸ್ವಲ್ಪ ಹೆಚ್ಚಿತು, ಸ್ವಲ್ಪವೇ. ದೇಶದ ಸುದ್ದಿ ಅವರಿಗೆ ಮೊದಲಿಗಿಂತ ಕಡಿಮೆ ಗೊತ್ತಿತ್ತು. ಪ್ರಯೋಗ ಮುಗಿದ ಮೇಲೂ ಅನೇಕರು ಮೊದಲಿನಷ್ಟು ಬಳಸಲಿಲ್ಲ. ಕೆಟ್ಟದ್ದು ಇದೆ, ಆದರೆ ಭಾಷಣದಲ್ಲಿ ಕೇಳುವಷ್ಟಿಲ್ಲ ಎಂಬುದು ಇದರಿಂದ ನಾನು ಎತ್ತಿಕೊಂಡ ತೀರ್ಮಾನ.

ನಿದ್ದೆಯದೂ ಹಾಗೆಯೇ. ಮೊಬೈಲಿನ ನೀಲಿ ಬೆಳಕು ನಿದ್ದೆಯ ಹಾರ್ಮೋನನ್ನು ತಡೆಯುತ್ತದೆ ಎಂದು ಎಲ್ಲರೂ ಓದಿದ್ದೇವೆ, ನೀಲಿ ಬೆಳಕು ತಡೆಯುವ ಕನ್ನಡಕವನ್ನೂ ಕೊಂಡಿದ್ದೇವೆ. ಹಾರ್ವರ್ಡ್ ವೈದ್ಯಕೀಯ ಶಾಲೆಯವರ 2014ರ ಹೆಸರಾಂತ ಪ್ರಯೋಗದಲ್ಲಿ ಮಲಗುವ ಮುನ್ನ ಗಂಟೆಗಟ್ಟಲೆ ಬೆಳಕಿನ ಪರದೆಯ ಮೇಲೆ ಪುಸ್ತಕ ಓದಿದವರಿಗೆ, ಕಾಗದದ ಪುಸ್ತಕ ಓದಿದವರಿಗಿಂತ ನಿದ್ದೆ ಹತ್ತಲು ತಡವಾದದ್ದು ಸುಮಾರು ಹತ್ತು ನಿಮಿಷ. ನಮ್ಮಲ್ಲಿ ಹತ್ತೂವರೆಗೆ ಮಲಗಬೇಕಾದವರು ಹನ್ನೆರಡೂವರೆಗೆ ಮಲಗುತ್ತಿದ್ದರೆ ಅದಕ್ಕೆ ಬೆಳಕು ಮಾತ್ರ ಕಾರಣವಲ್ಲ. ಒಂದು ರೀಲ್ ಮುಗಿಯುವ ಮೊದಲೇ ಇನ್ನೊಂದು ಬಂದು ನಿಂತಿರುತ್ತದೆ. ಪುಟ ಮುಗಿಯದಂತೆ ಉರುಳುತ್ತಲೇ ಇರುವ ಈ ವ್ಯವಸ್ಥೆಯನ್ನು 2006ರಲ್ಲಿ ರೂಪಿಸಿದ ಏಝಾ ರಾಸ್ಕಿನ್ ಎಂಬ ವಿನ್ಯಾಸಕಾರರೇ ಮುಂದೆ ಅದರ ಬಗ್ಗೆ ಪಶ್ಚಾತ್ತಾಪಪಟ್ಟರು. ಪುಸ್ತಕಕ್ಕೆ ಅಧ್ಯಾಯ ಮುಗಿಯುತ್ತದೆ, ಧಾರಾವಾಹಿಗೆ ‘ಮುಂದುವರಿಯುವುದು’ ಬರುತ್ತದೆ, ಕುಕ್ಕರು ಮೂರು ವಿಷಲ್ ಹೊಡೆದು ಸುಮ್ಮನಾಗುತ್ತದೆ. ಕುಕ್ಕರ್ ಕಂಪನಿಗೆ ನೀವು ಅದರ ಮುಂದೆ ಎಷ್ಟು ಹೊತ್ತು ನಿಂತಿರಿ ಎಂಬುದರಿಂದ ಕಾಸು ಹುಟ್ಟುವುದಿಲ್ಲ. ರೀಲ್ ತೋರಿಸುವ ಕಂಪನಿಗೆ ಹುಟ್ಟುತ್ತದೆ. ಉಳಿದ ಹೊತ್ತು ಇಲ್ಲಿ ನೇರವಾಗಿ ಮಾರಾಟವಾಗುತ್ತದೆ.

ಇದು ಕಾಯಿಲೆಯ ಮಟ್ಟ ಮುಟ್ಟುವುದು ಯಾವಾಗ? ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ‘ಶಟ್’ ಎಂಬ ಚಿಕಿತ್ಸಾಲಯ ನಡೆಯುತ್ತಿದೆ. ತಂತ್ರಜ್ಞಾನದ ಅತಿ ಬಳಕೆಗೆಂದೇ ದೇಶದಲ್ಲಿ ತೆರೆದ ಮೊದಲ ಚಿಕಿತ್ಸಾಲಯ ಅದು. ಡಾ. ಮನೋಜ್ ಕುಮಾರ್ ಶರ್ಮಾ ಅದನ್ನು ಕಟ್ಟಿದವರು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಗೇಮಿಂಗ್ ಚಟವನ್ನು ರೋಗಗಳ ಪಟ್ಟಿಗೆ ಸೇರಿಸಿತು. ಅದರ ಲಕ್ಷಣಗಳಲ್ಲಿ ಗಂಟೆಗಳ ಮಾತೇ ಇಲ್ಲ. ಆಟದ ಮೇಲೆ ಹಿಡಿತ ತಪ್ಪಿರಬೇಕು, ಊಟ, ಓದು, ಗೆಳೆತನಗಳಿಗಿಂತ ಅದೇ ಮೇಲಾಗಿರಬೇಕು, ಹಾಳಾಗುತ್ತಿದೆ ಎಂದು ಕಂಡರೂ ನಿಲ್ಲಿಸಲಾಗದಿರಬೇಕು, ಇದೆಲ್ಲ ಸಾಮಾನ್ಯವಾಗಿ ಒಂದು ವರ್ಷ ನಡೆದಿರಬೇಕು. ದಿನಕ್ಕೆ ಮೂರು ಗಂಟೆ ಫೋನು ನೋಡುವ ಮಗನನ್ನು ಕರೆದುಕೊಂಡು ಹೋಗಿ ‘ಇವನಿಗೆ ಚಟ’ ಎನ್ನುವ ತಂದೆತಾಯಿ ಇದನ್ನೊಮ್ಮೆ ಓದುವುದು ಒಳ್ಳೆಯದು.

ದುಡ್ಡು ಕಟ್ಟಿ ಆಡುವ ಆಟಗಳು ಬೇರೆಯೇ. ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಅವನ್ನು ನಿಷೇಧಿಸಿತು. 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು. 2025ರ ಆಗಸ್ಟಿನಲ್ಲಿ ಸಂಸತ್ತೇ ಕಾನೂನು ಮಾಡಬೇಕಾಯಿತು. ಈ ಮೂರ್ನಾಲ್ಕು ವರ್ಷದಲ್ಲಿ ಸಾಲ ಮಾಡಿ ಆಡಿ ಕಳೆದುಕೊಂಡವರ ಮನೆಗಳ ಕತೆ ಊರೂರಲ್ಲಿ ಗೊತ್ತಿದೆ.

ವಾಟ್ಸ್ಆ್ಯಪ್ ಬಗ್ಗೆ ಒಂದು ಮಾತು. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಸುಳ್ಳು ಫಾರ್ವರ್ಡ್‌ಗಳಿಂದ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಒಬ್ಬರನ್ನು, ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಇನ್ನೊಬ್ಬರನ್ನು ಜನ ಹೊಡೆದು ಕೊಂದರು. ಅದೇ ವರ್ಷದ ಜುಲೈನಲ್ಲಿ ಕಂಪನಿ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚು ಕಳಿಸಲಾಗದಂತೆ ಮಾಡಿತು. ತಂತ್ರದಲ್ಲಿ ಒಂದು ಸಣ್ಣ ತಡೆ ಹಾಕುವುದು ಸಾಧ್ಯವಿತ್ತು, ಹೆಣ ಬಿದ್ದ ಮೇಲೆ ಹಾಕಿದರು.

ಹಣದ ವಿಷಯಕ್ಕೆ ಬಂದರೆ, 2016ರ ಏಪ್ರಿಲಿನಲ್ಲಿ ಯುಪಿಐ ಬಂದಾಗ ಹೂವಿನವಳು, ಎಳನೀರಿನವನು ಇದನ್ನು ಬಳಸುತ್ತಾರೆಂದು ಬಹಳ ಮಂದಿ ಎಣಿಸಿರಲಿಲ್ಲ. 2023ರ ಆಗಸ್ಟ್ ಒಂದೇ ತಿಂಗಳಲ್ಲಿ ಸಾವಿರ ಕೋಟಿಗೂ ಹೆಚ್ಚು ಸಲ ಯುಪಿಐ ವ್ಯವಹಾರ ನಡೆಯಿತು. ಚಿಲ್ಲರೆ ಇಲ್ಲವೆಂದು ಕಂಡಕ್ಟರ್ ಟಿಕೆಟ್ ಹಿಂದೆ ಬರೆದುಕೊಡುವುದು, ಅಂಗಡಿಯವ ಒಂದು ರೂಪಾಯಿಗೆ ಚಾಕೊಲೇಟ್ ಕೊಡುವುದು ಕಡಿಮೆಯಾಯಿತು. ಈ ಅನುಕೂಲಕ್ಕೂ ಒಂದು ಲೆಕ್ಕದ ಪುಸ್ತಕವಿತ್ತು ಎಂಬುದು 2025ರ ಜುಲೈನಲ್ಲಿ ಗೊತ್ತಾಯಿತು. ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಮೊತ್ತ ನೋಡಿ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕಳಿಸಿತು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ಬಂದದ್ದು 29 ಲಕ್ಷ ರೂಪಾಯಿಯ ನೋಟಿಸು, ತಾಜಾ ತರಕಾರಿಗೆ ತೆರಿಗೆಯೇ ಇಲ್ಲದಿದ್ದರೂ. ಬೇಕರಿ, ಕಾಂಡಿಮೆಂಟ್ಸ್‌ಗಳಲ್ಲಿ ಸ್ಕ್ಯಾನರ್ ಕಿತ್ತು ‘ಕ್ಯಾಶ್ ಮಾತ್ರ’ ಎಂದು ಬರೆದ ರಟ್ಟು ತೂಗುಹಾಕಿದರು. ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ ಎಂದು ಸರ್ಕಾರ ಹೇಳಿದ ಮೇಲೆ ಗಲಾಟೆ ತಣ್ಣಗಾಯಿತು. ತೆರಿಗೆ ಕಟ್ಟಬಾರದು ಎಂದು ನಾನು ಹೇಳುತ್ತಿಲ್ಲ. ಸ್ಕ್ಯಾನರ್ ಅಂಟಿಸಿ ಹೋದವರು ಈ ಲೆಕ್ಕ ಯಾರ ಕಣ್ಣಿಗೆ ಬೀಳುತ್ತದೆ ಎಂದು ಒಂದು ಮಾತು ಹೇಳಿದ್ದರೆ ಆಗುತ್ತಿತ್ತು.

ಮೋಸದ ಕರೆಗಳಲ್ಲಿ ಎಲ್ಲಕ್ಕಿಂತ ಕ್ರೂರವಾದದ್ದು ‘ಡಿಜಿಟಲ್ ಅರೆಸ್ಟ್’. ವಿಡಿಯೊ ಕರೆಯಲ್ಲಿ ಪೊಲೀಸ್ ಸಮವಸ್ತ್ರ ತೊಟ್ಟು ಬಂದವನು ನಿವೃತ್ತ ಮೇಷ್ಟರನ್ನು ದಿನಗಟ್ಟಲೆ ಕೋಣೆಯಲ್ಲೇ ಕೂರಿಸಿ ಠೇವಣಿ ಖಾಲಿ ಮಾಡಿಸುತ್ತಾನೆ. ನಮ್ಮ ಕಾನೂನಿನಲ್ಲಿ ಹಾಗೊಂದು ಬಂಧನವೇ ಇಲ್ಲ. ಇಂಥ ಕರೆ ಬಂದರೆ ಕತ್ತರಿಸಿ, ದುಡ್ಡು ಹೋಗಿದ್ದರೆ ಆ ಕೂಡಲೇ 1930ಕ್ಕೆ ಕರೆ ಮಾಡಿ. ಮನೆಯ ಹಿರಿಯರಿಗೆ ಫೋನು ಕೊಡಿಸಿದವರು ಈ ಸಂಖ್ಯೆಯನ್ನೂ ಬರೆದುಕೊಡಬೇಕು.

ಆರೋಗ್ಯ ಕಾಯುತ್ತೇವೆ ಎಂದು ಮಾರುವ ಸಾಧನಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಎಂಬುದು ವೈದ್ಯರು ಕಂಡುಹಿಡಿದ ಸಂಖ್ಯೆಯಲ್ಲ. 1965ರಲ್ಲಿ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಸಾಧನ ಮಾರಲು ಕಟ್ಟಿದ ಸಂಖ್ಯೆ. ವಯಸ್ಸಾದ ಹೆಂಗಸರ ಮೇಲೆ 2019ರಲ್ಲಿ ನಡೆದ ದೊಡ್ಡ ಅಧ್ಯಯನದಲ್ಲಿ ಸುಮಾರು ಏಳೂವರೆ ಸಾವಿರ ಹೆಜ್ಜೆಯಾದ ಮೇಲೆ ಹೆಚ್ಚುವರಿ ಲಾಭ ಕಾಣಲಿಲ್ಲ. ಕೈಗಡಿಯಾರ ಹೇಳಿತೆಂದು ಊಟವಾದ ಮೇಲೆ ನಡುಮನೆಯಲ್ಲೇ ಗಿರಕಿ ಹೊಡೆಯುವ ಹಿರಿಯರು ನೆಮ್ಮದಿಯಾಗಿ ಕೂರಬಹುದು. ಆರ್‌ಒ ಯಂತ್ರದ್ದು ಇನ್ನೊಂದು ಬಗೆ. ಪಾವಗಡ, ಕೋಲಾರ, ಚಿಕ್ಕಬಳ್ಳಾಪುರದ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಇದೆ, ಅಲ್ಲಿ ನಾಣ್ಯ ಹಾಕಿ ಕ್ಯಾನ್ ತುಂಬಿಸುವ ಶುದ್ಧ ನೀರಿನ ಘಟಕ ಮೂಳೆ ಹಲ್ಲು ಉಳಿಸುವ ಸಾಧನ. ಕಾವೇರಿ ನೀರು ಬರುವ ಬೆಂಗಳೂರಿನ ಮನೆಗೆ ಅದೇ ಯಂತ್ರ ಬಹುಮಟ್ಟಿಗೆ ದಂಡ, ಮೇಲಿಂದ ಒಂದು ಕೊಡ ಶುದ್ಧ ಮಾಡಲು ಅದಕ್ಕಿಂತ ಹೆಚ್ಚು ನೀರು ಚರಂಡಿಗೆ. ನೀರಿನಲ್ಲಿ ಕರಗಿದ ಲವಣ ಲೀಟರಿಗೆ 500 ಮಿಲಿಗ್ರಾಂಗಿಂತ ಕಡಿಮೆ ಇರುವಲ್ಲಿ ಆರ್‌ಒ ಬೇಡ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲೇ ಹೇಳಿದೆ. ಅಗತ್ಯವಿಲ್ಲದವರ ಮನೆಗೇ ಯಂತ್ರ ಬೇಗ ತಲುಪುತ್ತದೆ, ಯಾಕೆಂದರೆ ಕೊಳ್ಳುವ ಶಕ್ತಿ ಅಲ್ಲಿದೆ.

ಹತ್ತು ನಿಮಿಷದಲ್ಲಿ ಕೊತ್ತಂಬರಿ ಸೊಪ್ಪು ತಂದುಕೊಡುವ ಆ್ಯಪ್‌ಗಳೂ ಇದೇ ಲೆಕ್ಕಕ್ಕೆ ಸೇರುತ್ತವೆ. ಅಲ್ಲಿ ಉಳಿದ ನಿಮಿಷ ಗಿರಾಕಿಯದು, ಸಿಗ್ನಲ್ ಹಾರಿದ ಅಪಾಯ ಬೈಕಿನ ಹುಡುಗನದು. ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗೆ ಕಾಯ್ದೆ ತಂದಿದೆ. ಪ್ರತಿ ವ್ಯವಹಾರದ ಮೇಲೆ ಕಂಪನಿಗಳು ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಕಟ್ಟಬೇಕು. ರಾಜಸ್ಥಾನ 2023ರಲ್ಲಿ ಮೊದಲು ಮಾಡಿತು, ನಾವು ಎರಡು ವರ್ಷ ತಡ. ಆದರೂ ಉಳಿದ ಹೊತ್ತಿಗೆ ಬೆಲೆ ಕಟ್ಟಿ, ಅದನ್ನು ಉಳಿಸಿಕೊಟ್ಟವನಿಗೆ ಪಾಲು ಕೊಡುವ ಕೆಲವೇ ಕಾನೂನುಗಳಲ್ಲಿ ಇದೂ ಒಂದು.

ಮಕ್ಕಳ ವಿಷಯವನ್ನು ಬೇಕೆಂದೇ ಕೊನೆಗೆ ಇಟ್ಟೆ. ಹದಿನಾರರ ಒಳಗಿನವರು ಸಾಮಾಜಿಕ ಜಾಲತಾಣದ ಖಾತೆ ಹೊಂದುವಂತಿಲ್ಲ ಎಂಬ ಆಸ್ಟ್ರೇಲಿಯಾದ ಕಾನೂನು 2025ರ ಡಿಸೆಂಬರ್ 10ರಿಂದ ಜಾರಿಯಲ್ಲಿದೆ. ನಮ್ಮಲ್ಲೂ ಬೇಕು ಎನ್ನುವವರ ದನಿ ದೊಡ್ಡದಾಗುತ್ತಿದೆ. ಮನೆಗೆಲ್ಲ ಒಂದೇ ಫೋನಿರುವ, ಅಪ್ಪನ ಸಿಮ್ಮಿನಲ್ಲಿ ಅಕ್ಕನ ಖಾತೆಯಲ್ಲಿ ತಮ್ಮ ರೀಲ್ಸ್ ನೋಡುವ ದೇಶದಲ್ಲಿ ವಯಸ್ಸು ಪತ್ತೆ ಮಾಡುವುದು ಹೇಗೋ ನನಗೆ ಕಾಣದು. ಗ್ರಾಮೀಣ ಭಾರತದ ಶಿಕ್ಷಣ ಕುರಿತ 2024ರ ಅಸರ್ ವರದಿಯ ಪ್ರಕಾರ ಫೋನ್ ಬಳಸಬಲ್ಲ 14ರಿಂದ 16 ವಯಸ್ಸಿನ ಮಕ್ಕಳಲ್ಲಿ ಹಿಂದಿನ ವಾರ ಸ್ಮಾರ್ಟ್‌ಫೋನನ್ನು ಓದಿಗೆ ಬಳಸಿದವರು ಶೇ 57, ಸಾಮಾಜಿಕ ಜಾಲತಾಣಕ್ಕೆ ಬಳಸಿದವರು ಶೇ 76ರಷ್ಟು. ಎರಡೂ ಒಂದೇ ಫೋನಿನಲ್ಲಿ ಎಂಬುದನ್ನು ಮರೆಯಬಾರದು.

ಬೆಳಗಾವಿಯ ಗಡಿಯಾಚೆ ಸಾಂಗಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್ ಎಂಬ ಊರು 2022ರಲ್ಲಿ ಮಾಡಿದ್ದು ಕಾನೂನಿಗಿಂತ ಸರಳ. ಸಂಜೆ ಏಳಕ್ಕೆ ದೇವಸ್ಥಾನದ ಸೈರನ್ ಕೂಗುತ್ತದೆ, ಒಂದೂವರೆ ಗಂಟೆ ಊರಿನ ಟಿವಿ, ಮೊಬೈಲ್ ಬಂದ್. ಮಕ್ಕಳು ಓದಲು ಕೂರುತ್ತಾರೆ. ಈ ಸುದ್ದಿಯನ್ನು ನಮ್ಮವರು ಮಕ್ಕಳ ಶಿಸ್ತಿನ ಕತೆಯಾಗಿ ಹಂಚಿಕೊಂಡರು. ನನಗೆ ಮುಖ್ಯವಾಗಿ ಕಂಡದ್ದು ಅಪ್ಪಂದಿರ ಕ್ರಿಕೆಟ್ಟು, ಅಮ್ಮಂದಿರ ಧಾರಾವಾಹಿ ಕೂಡ ಆ ಹೊತ್ತಿಗೆ ನಿಂತದ್ದು. ತಾಯಿ ಒಬ್ಬಳನ್ನೇ ಮಕ್ಕಳ ಪಕ್ಕದಲ್ಲಿ ನಿಲ್ಲಿಸಿ ಕಾವಲು ಹಾಕುವ ಬದಲು ಇಡೀ ಊರು ಆ ಹೊತ್ತನ್ನು ಕಾಯುತ್ತದೆ.

ನಮ್ಮಲ್ಲಿ ಆ ಕಾವಲು ಯಾರ ಮೇಲಿದೆ ನೋಡಿ. ಕೋವಿಡ್ ಕಾಲದಲ್ಲಿ ಶಾಲೆ ಫೋನಿಗೆ ಹೋಯಿತು, ಬೇರೆ ದಾರಿ ಇರಲಿಲ್ಲ. ಫೋನಿಲ್ಲದ ಮಕ್ಕಳಿಗೆಂದು ಮೇಷ್ಟರುಗಳು ಸರ್ಕಾರದ ವಿದ್ಯಾಗಮ ಯೋಜನೆಯಲ್ಲಿ ಮರದ ನೆರಳು, ಗುಡಿಯ ಜಗಲಿಗಳಲ್ಲಿ ಪಾಠ ಮಾಡಿದರು. ಶಾಲೆ ತೆರೆದು ವರ್ಷಗಳಾದರೂ ಹೋಂವರ್ಕ್ ಮಾತ್ರ ವಾಟ್ಸ್ಆ್ಯಪ್ ಗ್ರೂಪಿನಲ್ಲೇ ಉಳಿದುಬಿಟ್ಟಿದೆ. ಸಂಜೆ ಏಳೂವರೆಗೆ ಗಣಿತದ ಪುಟದ ಫೋಟೊ, ಎಂಟಕ್ಕೆ ನಾಳೆ ಹಸಿರು ಬಣ್ಣದ ಬಟ್ಟೆ ಎಂಬ ಸೂಚನೆ, ಎಂಟೂಕಾಲಿಗೆ ಬೇಳೆಕಾಳು ಅಂಟಿಸಿದ ಚಾರ್ಟು ತರಬೇಕೆಂಬ ಆದೇಶ, ಅದರ ಕೆಳಗೆ ಮೂವತ್ತು ‘ಓಕೆ ಮ್ಯಾಮ್’. ಹೋಂವರ್ಕ್ ನೋಡಲು ಮಗು ಫೋನು ಕೇಳುತ್ತದೆ, ಕೊಡಲೇಬೇಕು. ಕೊಟ್ಟ ಫೋನು ಹೋಂವರ್ಕಿನಲ್ಲೇ ನಿಲ್ಲುವುದಿಲ್ಲ. ಮರುದಿನದ ಪಾಲಕರ ಸಭೆಯಲ್ಲಿ ಅದೇ ಶಾಲೆಯವರು ‘ಮಕ್ಕಳ ಕೈಗೆ ಮೊಬೈಲ್ ಕೊಡಬೇಡಿ’ ಎಂದು ಬುದ್ಧಿ ಹೇಳುತ್ತಾರೆ. ಗ್ರೂಪಿನ ಸಂದೇಶಗಳಿಗೆ ಓಡಾಡುವವಳು ಬಹುಪಾಲು ಮನೆಗಳಲ್ಲಿ ತಾಯಿ. ಅವಳ 289 ನಿಮಿಷದಲ್ಲಿ ಇದೂ ಸೇರಿದೆಯೋ ಇಲ್ಲವೋ ಸಮೀಕ್ಷೆಯವರೇ ಹೇಳಬೇಕು.

ಇದಕ್ಕೆ ಆಸ್ಟ್ರೇಲಿಯಾದ ಕಾನೂನು ಬೇಡ. ಶಿಕ್ಷಣ ಇಲಾಖೆಯ ಒಂದು ಸುತ್ತೋಲೆ ಸಾಕು. ಅದು ಬರುವವರೆಗೆ ಕಾಯಬೇಕಾಗಿಯೂ ಇಲ್ಲ. ಸರ್ಕಾರಿ ಶಾಲೆಯಾದರೆ ಶಾಲಾಭಿವೃದ್ಧಿ ಸಮಿತಿಯಾದ ಎಸ್‌ಡಿಎಂಸಿ ಸಭೆಯಲ್ಲಿ, ಖಾಸಗಿ ಶಾಲೆಯಾದರೆ ಪಾಲಕರ ಸಭೆಯಲ್ಲಿ ಈ ಸಲ ಒಂದೇ ಬೇಡಿಕೆ ಇಡಿ: ಹೋಂವರ್ಕನ್ನು ಶಾಲೆಯಲ್ಲೇ ಡೈರಿಯಲ್ಲಿ ಬರೆಸಿ, ಸಂಜೆ ಆರರ ನಂತರ ಗ್ರೂಪಿಗೆ ಏನೂ ಹಾಕಬೇಡಿ. ಸಭೆಗೆ ಅಪ್ಪಂದಿರೂ ಹೋಗಬೇಕು.